ಕೋಳಿಗಳಿಗೆ ಗುರುತಿದ್ದ ಸೀರೆ

ಬಾಲಮ್ಮ ಸತ್ತದ್ದನ್ನು ಉಟ್ಕೂರಿನ ಜನ ಒಪ್ಪಿಕೊಂಡಿದ್ದರು. ಅವಳ ಗಂಡ ಮಾಳಿಂಗಪ್ಪ ಒಪ್ಪಿಕೊಂಡು ಇನ್ನೊಂದು ಮದುವೆಯನ್ನೂ ಆಗಿದ್ದ. ಅತ್ತೆ ಗುರುಲಿಂಗಮ್ಮ ಒಪ್ಪಿಕೊಂಡದ್ದಲ್ಲದೆ, ಬದುಕಿದ್ದಾಗ ಒಂದು ದಿನವೂ ಹೊಗಳದ ಸೊಸೆಯನ್ನು ದಿನಾ ಹೊಗಳತೊಡಗಿದ್ದಳು. ಒಪ್ಪಿಕೊಳ್ಳದೆ ಉಳಿದದ್ದು ಕೋಳಿಗಳು ಮಾತ್ರ. ಶೆಡ್ಡಿನ ಬಾಗಿಲು ತೆರೆದಾಗಲೆಲ್ಲ ಅವು ಕತ್ತೆತ್ತಿ ನೋಡುತ್ತಿದ್ದವು. ಬಂದವಳು ಅವಳಲ್ಲ ಎಂದು ಕಂಡ ಕೂಡಲೇ ಎದುರಿನ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು ರಾಶಿಯಾಗುತ್ತಿದ್ದವು. ರಾಶಿಯ ತಳದಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತಿದ್ದವು.

ಬಂದವಳು ಮಲ್ಲೇಶ್ವರಿ, ಎರಡನೆಯ ಹೆಂಡತಿ. ಕೃಷ್ಣಾ ಕಡೆಯ ಹಳ್ಳಿಯವಳು; ಮದುವೆಯಾಗಿ ಬಂದು ಇನ್ನೂ ಒಂದು ಬೇಸಿಗೆ ಕಂಡಿರಲಿಲ್ಲ. ತವರಿನಲ್ಲಿ ಕುರಿ ಮೇಯಿಸಿ ಗೊತ್ತಿದ್ದವಳಿಗೆ ಕೋಳಿ ಹೊಸದು. ಕುರಿ ಹೆದರಿದರೆ ಓಡುತ್ತದೆ, ಓಡಿದ್ದು ಎಲ್ಲೋ ನಿಲ್ಲುತ್ತದೆ. ಹೆದರಿ ಒಂದರ ಮೇಲೊಂದು ಬಿದ್ದು ಸಾಯುವ ಜೀವವನ್ನು ಅವಳು ಕಂಡಿರಲಿಲ್ಲ.

ಮಾಳಿಂಗಪ್ಪನ ಮನೆತನವೂ ಕುರಿಯದೇ. ಅವನು ಕುರಿ ಮಾರಿ ಮಕ್ತಲ್ ರಸ್ತೆಯಲ್ಲಿ ಮೊಟ್ಟೆ ಕೋಳಿಯ ಶೆಡ್ಡು ಹಾಕಿದಾಗ ಓಣಿಯ ಹಿರಿಯರು, ಕುರಿ ಕೊಟ್ಟವನು ನಮ್ಮ ದೇವರು ಬೀರಪ್ಪ, ಇವನ್ನು ಕೊಟ್ಟವನು ಯಾರಪ್ಪಾ ಎಂದು ಕೇಳಿದ್ದರು. ಹೈದರಾಬಾದಿನ ಕಂಪನಿಯವನು ಎಂದು ಮಾಳಿಂಗಪ್ಪ ಹೇಳಿದ್ದ. ಹಾಗಾದರೆ ಹಬ್ಬಕ್ಕೆ ಅವನಿಗೇ ಎಡೆ ಹಿಡಿ ಎಂದು ಹಿರಿಯರು ಎದ್ದು ಹೋಗಿದ್ದರು. ಪಂಜರದ ಖರ್ಚು ಬೇಡವೆಂದು ಅವನು ನೆಲದ ಮೇಲೆ ಶೇಂಗಾ ಹೊಟ್ಟು ಹಾಸಿ ಕೋಳಿಗಳನ್ನು ಬಿಡಾಡಿಯಾಗಿ ಬಿಟ್ಟಿದ್ದ. ನೋಡಿಕೊಳ್ಳುತ್ತಿದ್ದವಳು ಬಾಲಮ್ಮ. ತೆಲಂಗಾಣ ರಾಜ್ಯವಾದ ದಿನ ಉಟ್ಕೂರಿನಿಂದ ನಾರಾಯಣಪೇಟೆಯವರೆಗೂ ಪಟಾಕಿ ಹಾರಿದವು. ಎಷ್ಟೋ ಶೆಡ್ಡುಗಳಲ್ಲಿ ಕೋಳಿಗಳು ಎದೆಯೊಡೆದು ಸತ್ತವಂತೆ. ಬಾಲಮ್ಮ ಅವತ್ತು ತಾನೂ ಉಣ್ಣದೆ ಕೋಳಿಗಳ ನಡುವೆ ಸುಮ್ಮನೆ ಅಡ್ಡಾಡುತ್ತಿದ್ದಳು. ಒಂದೂ ಸಾಯಲಿಲ್ಲ. ನಮ್ಮ ಶೆಡ್ಡಿಗೆ ರಾಜ್ಯ ಬಂದದ್ದೇ ಗೊತ್ತಾಗಲಿಲ್ಲ ಎಂದು ಮಾಳಿಂಗಪ್ಪ ಹೇಳಿಕೊಂಡು ತಿರುಗಿದ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಕಾಮಾಲೆ ಬಾಲಮ್ಮನನ್ನು ಕೊಂಡೊಯ್ದಿತು.

ಎರಡನೆಯವಳಾಗಿ ಬಂದವಳ ಕೊರಳಿಗೆ ಆ ಮನೆಯಲ್ಲಿ ತಾಳಿಯ ಜೊತೆ ಒಂದು ಬೆಳ್ಳಿಯ ಬಿಲ್ಲೆ ಕಟ್ಟುತ್ತಾರೆ. ಅದರ ಮೇಲೆ ಒತ್ತಿದ ಹೆಣ್ಣಿನ ಆಕಾರಕ್ಕೆ ಮುಖವಿಲ್ಲ. ಯಾರು ಸತ್ತರೂ ಒಪ್ಪುವಂತೆ ಅಕ್ಕಸಾಲಿಗ ಹಾಗೆ ಮಾಡಿಟ್ಟಿರುತ್ತಾನೆ. ಅದು ಸತ್ತ ಸವತಿ. ಹೊಸದಾಗಿ ಏನು ಬಂದರೂ, ಸೀರೆಯಾಗಲಿ ಬಳೆಯಾಗಲಿ ಹಬ್ಬದ ಹೋಳಿಗೆಯಾಗಲಿ, ಮೊದಲು ಬಿಲ್ಲೆಗೆ ಮುಟ್ಟಿಸಿ, ಅಕ್ಕಾ ನಿನಗ ಮೊದಲು, ಅಂದು ಆಮೇಲೆ ತಾನು ಮುಟ್ಟಬೇಕು. ಇಲ್ಲದಿದ್ದರೆ ಸತ್ತವಳು ಬಂದು ಕಾಡುತ್ತಾಳೆ. ಮಲ್ಲೇಶ್ವರಿ ಇದನ್ನು ತಪ್ಪದೆ ಮಾಡುತ್ತಿದ್ದಳು. ಗಂಡನನ್ನೂ ಹೀಗೆ ಮುಟ್ಟಿಸಿ ತಗೊಂಡಿಯೇನೇ ಎಂದು ನೀರಿನ ನಳದ ಹತ್ತಿರ ಹೆಂಗಸರು ಕೇಳಿದಾಗ ಅವಳಿಗೆ ನಗುವೇ ಬಂದಿತ್ತು.

ಬಿಸಿಲು ಏರಿದ ಮೇಲೆ ನಗು ನಿಂತಿತು. ಕೋಳಿಗಳು ಬಾಯಿ ತೆರೆದು ತೇಕುತ್ತಿದ್ದವು. ಮೊಟ್ಟೆ ಕಡಿಮೆಯಾಯಿತು, ಇಟ್ಟ ಮೊಟ್ಟೆಯ ಓಡು ತೆಗೆದುಕೊಳ್ಳುವ ಕೈಯಲ್ಲೇ ಬಿರಿಯುತ್ತಿತ್ತು. ಅವಳು ಕೋಳಿಗೆ ಹಾಕುವ ದಾಣಿಯ ಬುಟ್ಟಿ ಹಿಡಿದು ಒಳಗೆ ಕಾಲಿಟ್ಟರೆ ಮೂಲೆಯಲ್ಲಿ ರಾಶಿ. ಬಾಗಿಲ ಹೊರಗೇ ನಿಂತು ದಾಣಿ ಎರಚಿದಳು, ತಲೆಗೆ ಸೆರಗು ಮುಚ್ಚಿ ನೋಡಿದಳು, ಹಾಡು ಹೇಳಿ ನೋಡಿದಳು. ಹಾಡಿಗೆ ಇನ್ನೂ ಹೆದರಿದವು. ಕೈಗುಣ ಕೆಟ್ಟದ್ದು ಎಂದು ಗುರುಲಿಂಗಮ್ಮ ಮೊದಲು ನೆರೆಯವರಿಗೆ ಹೇಳಿದಳು, ಆಮೇಲೆ ಅವಳಿಗೇ ಹೇಳಿದಳು.

ಮಕ್ತಲ್‌ನಿಂದ ಪಶುವೈದ್ಯ ಭಾನುಪ್ರಕಾಶ ಬಂದರು. ಗದ್ವಾಲದವರು, ತೆಲುಗು ಮನೆಮಾತು. ಕನ್ನಡವನ್ನು ನಡುನಡುವೆ ತೆಲುಗು ಸೇರಿಸಿ ಮಾತಾಡುತ್ತಿದ್ದರು. ಸತ್ತ ಒಂದು ಕೋಳಿಯನ್ನು ಕೊಯ್ದು ನೋಡಿ, ರೋಗವೇನೂ ಇಲ್ಲ, ಬಿಸಿಲು ಒಂದು ಕಡೆ, ಭಯ ಇನ್ನೊಂದು ಕಡೆ, ಎರಡೂ ಸೇರಿ ಮೈಯನ್ನು ಒಳಗಿಂದ ಸುಡುತ್ತವೆ ಎಂದರು. ಸುಟ್ಟರೆ ಏನಾಗುತ್ತದೆ ಎಂದು ಗುರುಲಿಂಗಮ್ಮ ಕೇಳಿದಳು.

“ಲೋಪಲ ತುಪ್ಪು ಹಿಡೀತದಮ್ಮಾ,” ಎಂದರು ಡಾಕ್ಟರು.

ತೆಲುಗಿನಲ್ಲಿ ಲೋಪಲ ಅಂದರೆ ಒಳಗೆ, ತುಪ್ಪು ಅಂದರೆ ತುಕ್ಕು. ಗುರುಲಿಂಗಮ್ಮನಿಗೆ ತೆಲುಗು ಬರುತ್ತಿತ್ತು, ಆದರೆ ತನಗೆ ಬೇಕಾದಾಗ ಮಾತ್ರ.

“ಮನಿಯಾಗ ಮನಷ್ಯಾರಿಗೇ ತುಪ್ಪ ಕಂಡಿಲ್ರೀ ಡಾಕ್ಟರ್ ಸಾಬ್. ಕೋಳಿ ಹೊಟ್ಟ್ಯಾಗ ಎಲ್ಲಿಂದ ಬಂತು?”

ಡಾಕ್ಟರು ನಕ್ಕು ಬಿಡಿಸಿ ಹೇಳಿದರು. ಹೊರಗೆ ಬಿದ್ದ ಕಬ್ಬಿಣಕ್ಕೆ ತುಕ್ಕು ಹತ್ತಿದ ಹಾಗೆ ಬೆಂದ ಮೈಗೂ ಹತ್ತುತ್ತದೆ. ಅದನ್ನು ತಡೆಯುವ ಶಕ್ತಿ ಮೈಯಲ್ಲೇ ಸ್ವಲ್ಪ ಇರುತ್ತದೆ; ಹೆದರಿಕೆ ದಿನಾ ಆದರೆ ಅದು ತೀರಿಹೋಗುತ್ತದೆ. ಅದಕ್ಕೇ ಓಡು ತೆಳುವಾಗುವುದು, ಅದಕ್ಕೇ ಒಂದು ಸಣ್ಣ ನೂಕಿಗೂ ಸಾಯುವುದು. ವಿಟಮಿನ್ ಇ ಮತ್ತು ಸೆಲೆನಿಯಮ್ ಸೇರಿದ ಪುಡಿ ದಾಣಿಯಲ್ಲಿ ಕಲಸಲು ಕೊಟ್ಟರು, ಬಿಸಿಲಿನ ಹೊತ್ತಿಗೆ ನೀರಿಗೆ ಹಾಕಲು ವಿಟಮಿನ್ ಸಿ ಕೊಟ್ಟರು. ಶೆಡ್ಡಿನ ಪಕ್ಕಕ್ಕೆ ಗೋಣಿ ಕಟ್ಟಿ ನೀರು ಚಿಮುಕಿಸಲು ಹೇಳಿದರು. ಪುಡಿಯನ್ನು ಹೆಚ್ಚು ಹಾಕಿದರೆ ಅದೇ ವಿಷ ಎಂದು ಎರಡು ಸಲ ಹೇಳಿ, ಮಲ್ಲೇಶ್ವರಿಯ ಕೈಯಲ್ಲೇ ಅಳತೆಯ ಚಮಚ ಇಟ್ಟರು.

ಪುಡಿ ಕೆಲಸ ಮಾಡಿತು. ಓಡು ಗಟ್ಟಿಯಾಯಿತು, ತೇಕುವುದು ಕಡಿಮೆಯಾಯಿತು. ಆದರೆ ಅವಳು ಒಳಗೆ ಬಂದಾಗ ಮೂಲೆಗೆ ನುಗ್ಗುವುದು ನಿಲ್ಲಲಿಲ್ಲ. ಈಗ ನುಗ್ಗುವುದಕ್ಕೆ ಮೊದಲಿಗಿಂತ ಹೆಚ್ಚು ಕಸುವೂ ಬಂದಿತ್ತು.

ಮತ್ತೆ ಬಂದ ಡಾಕ್ಟರು ಬಾಗಿಲಲ್ಲಿ ನಿಂತು ಇದನ್ನು ಕಣ್ಣಾರೆ ನೋಡಿದರು. ತುಕ್ಕು ತಡೆಯುವುದು ಪುಡಿಯ ಕೆಲಸ, ಬೆಂಕಿ ಆರಿಸುವುದು ನಿಮ್ಮ ಕೆಲಸ ಎಂದರು. ಮೊದಲು ನೋಡಿಕೊಳ್ಳುತ್ತಿದ್ದ ಹೆಂಗಸು ಯಾವ ಬಣ್ಣದ ಬಟ್ಟೆ ಉಡುತ್ತಿದ್ದಳು ಎಂದು ಕೇಳಿದರು. ಕೋಳಿಗೆ ಮುಖಕ್ಕಿಂತ ಬಣ್ಣದ ಗುರುತು ಹೆಚ್ಚು. ದೊಡ್ಡ ಫಾರ್ಮುಗಳಲ್ಲಿ ಕೆಲಸದವರು ಬಟ್ಟೆಯ ಬಣ್ಣ ಬದಲಿಸುವುದಿಲ್ಲ.

ಮಾಳಿಂಗಪ್ಪ ಬಹಳ ಹೊತ್ತು ಯೋಚಿಸಿದ.

“ಸೀರಿ ಉಡ್ತಿದ್ಲ್ರೀ,” ಎಂದ.

ಗುರುಲಿಂಗಮ್ಮ ಮಗನನ್ನು ನೋಡಿದ ನೋಟದಲ್ಲಿ ಅವನ ಅಪ್ಪನ ಮೇಲಿನ ಸಿಟ್ಟೂ ಇತ್ತು. ನಾರಾಯಣಪೇಟೆಯ ನೂಲಿನ ಸೀರೆ, ಕಡುನೀಲಿ ಮೈಯಲ್ಲಿ ಸಣ್ಣ ಚೌಕಳಿ, ಕೆಂಪು ಅಂಚು, ಎಂದು ಅವಳೇ ಹೇಳಿದಳು. ಒಂದೇ ಥರದ ಎರಡು ಇದ್ದವು. ಒಂದು ಒಗೆದಾಗ ಇನ್ನೊಂದು ಉಡುತ್ತಿದ್ದಳು. ಹಾಗಾಗಿ ಕೋಳಿಗಳ ಲೆಕ್ಕದಲ್ಲಿ ಬಾಲಮ್ಮ ಸೀರೆ ಬದಲಿಸಿದ್ದೇ ಇಲ್ಲ. ಒಂದು ಅವಳ ಜೊತೆ ಮಣ್ಣಿಗೆ ಹೋಯಿತು. ಇನ್ನೊಂದನ್ನು ರೀತಿಯಂತೆ ಅಗಸರ ಕಿಷ್ಟಮ್ಮನಿಗೆ ಕೊಟ್ಟಾಗಿತ್ತು. ಅದನ್ನು ಕೇಳಲು ಹೋದರೆ ಕಿಷ್ಟಮ್ಮ ಹಾಸಿಕೊಂಡು ಕೂತಿದ್ದ ಕೌದಿಯನ್ನು ತೋರಿಸಿದಳು. ಚೌಕಳಿಯ ತುಂಡುಗಳು ಅದರಲ್ಲಿ ಅಲ್ಲಲ್ಲಿ ಇದ್ದವು.

ಗಂಡಹೆಂಡತಿ ಬಸ್ಸು ಹತ್ತಿ ನಾರಾಯಣಪೇಟೆಗೆ ಹೋದರು. ಬಾಲಮ್ಮ ಸೀರೆ ಕೊಂಡದ್ದು ನೇಕಾರ ನರಸಿಂಹುಲುವಿನ ಮನೆಯಲ್ಲಿ. ಅವನಿಗೆ ಗಿರಾಕಿಗಳ ಮುಖ ನೆನಪಿರುತ್ತಿರಲಿಲ್ಲ, ಸೀರೆಗಳು ಒಂದೂ ಮರೆಯುತ್ತಿರಲಿಲ್ಲ. ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಅದೇ ಉದ್ದನೆಯ ನೂಲಿನಲ್ಲಿ ಒಂದರ ಹಿಂದೊಂದು ಹಲವು ಸೀರೆ ನೇಯ್ದು ಕತ್ತರಿಸುತ್ತಾರೆ. ಬಾಲಮ್ಮ ಕೊಂಡ ಸೀರೆಗಳ ಹಾಸಿನ ಕೊನೆಯದು ಅಂಚಿನಲ್ಲಿ ಬಣ್ಣ ಸ್ವಲ್ಪ ಹಿಡಿಯದೆ ಮಾರಾಟವಾಗದೆ ಅಟ್ಟದ ಮೇಲಿತ್ತು. ಇಳಿಸಿ ಕೊಡವಿ ಮಲ್ಲೇಶ್ವರಿಯ ಮಡಿಲಿಗೆ ಹಾಕಿದ.

“ಒಂದೇ ಹಾಸಿನ್ದು. ಆ ಎರಡಕ್ಕ ಇದು ತಂಗಿ ಇದ್ದಂಗ,” ಎಂದ. ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅವಳು ಸೀರೆಯನ್ನು ಬಿಲ್ಲೆಗೆ ಮುಟ್ಟಿಸಿದಳು. ಅಕ್ಕಾ ನಿನಗ ಮೊದಲು ಎಂದು ಬಾಯಲ್ಲಿ ಬಂತು, ಅರ್ಧಕ್ಕೆ ನಿಂತಿತು. ಈ ಸೀರೆಯನ್ನು ಅಕ್ಕನಿಗೆ ಕೊಟ್ಟು ತಾನು ತೆಗೆದುಕೊಳ್ಳುವುದೆಂದರೆ ಏನು, ಯಾರು ಯಾರಿಗೆ ಕೊಡುತ್ತಿದ್ದಾರೆ ಎಂದು ಅವಳಿಗೆ ಬಗೆಹರಿಯಲಿಲ್ಲ.

ಮರುದಿನ ಬೆಳಿಗ್ಗೆ ಅದನ್ನು ಉಟ್ಟು ಶೆಡ್ಡಿನ ಬಾಗಿಲು ತೆರೆದಳು. ಕೋಳಿಗಳು ಕತ್ತೆತ್ತಿದವು. ಒಂದೂ ಮೂಲೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅಷ್ಟೂ ಹತ್ತಿರ ಬಂದು, ಕಾಲಿನ ಸುತ್ತ ಒತ್ತಿಕೊಂಡು, ನೆರಿಗೆಯನ್ನು ಕುಟುಕುತ್ತ ಗೊಣಗತೊಡಗಿದವು. ಬಹಳ ದಿನ ಊರಿಗೆ ಹೋಗಿ ಬಂದವಳನ್ನು ಮನೆಯವರು ಬಯ್ಯುವ ಹಾಗಿತ್ತು ಅದು. ಮಲ್ಲೇಶ್ವರಿ ಬುಟ್ಟಿ ಹಿಡಿದು ಅಲ್ಲಾಡದೆ ನಿಂತಳು. ಮೂಲೆಯಲ್ಲಿ ರಾಶಿಯಾಗುತ್ತಿದ್ದಾಗ ಅವು ಕಡೇಪಕ್ಷ ಅವಳನ್ನು ನೋಡುತ್ತಿದ್ದವು.

ಒಳಗಿನ ಪುಡಿ, ಹೊರಗಿನ ಸೀರೆ, ಎರಡೂ ಸೇರಿ ಮೊಟ್ಟೆ ಮೊದಲಿನಂತಾಯಿತು. ಡಾಕ್ಟರು ಸಂತೋಷಪಟ್ಟರು, ಮಾಳಿಂಗಪ್ಪ ಸಂತೋಷಪಟ್ಟ. ಗುರುಲಿಂಗಮ್ಮ ಸತ್ತ ಸೊಸೆಯನ್ನು ಹೊಗಳುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದು ಯಾಕೆಂದು ಮಲ್ಲೇಶ್ವರಿಗೆ ತಿಳಿಯಲು ಕೆಲವು ದಿನ ಬೇಕಾದವು. ಮುದುಕಿ ಈಗ ಅವಳನ್ನು ಬಯ್ಯುತ್ತಿದ್ದಳು. ಬಯ್ಗುಳ ಹೊಸದಲ್ಲ, ವಿಷಯವೂ ಹೊಸದಲ್ಲ. ಮೈಲಾರನ ಜಾತ್ರೆಗೆ ಹೋದಾಗ ಕಳೆದ ತಂಬಿಗೆ, ನಾದಿನಿಯ ಬಾಣಂತನದಲ್ಲಿ ಸುಟ್ಟ ಹಾಲು. ಮಲ್ಲೇಶ್ವರಿ ಆ ತಂಬಿಗೆಯನ್ನು ಕಂಡಿರಲಿಲ್ಲ. ಆ ಹಾಲು ಸುಟ್ಟಾಗ ಅವಳು ತವರಿನಲ್ಲಿ ಲಂಗ ತೊಟ್ಟು ಕುರಿ ಕಾಯುತ್ತಿದ್ದಳು.

“ನಾ ಅಲ್ಲತ್ತಿ ಅದು,” ಎಂದಳು ಒಮ್ಮೆ.

“ನೀ ಅಲ್ದ ಮತ್ಯಾರು, ಸತ್ತಾಕಿ ಬಂದು ಸುಟ್ಲೇನು?” ಎಂದಳು ಗುರುಲಿಂಗಮ್ಮ. ಅಂದ ಮೇಲೆ ತಾನೇ ಗಾಬರಿಯಾಗಿ, ಎಲೆಅಡಿಕೆ ಚೀಲ ಹುಡುಕುತ್ತ ಎದ್ದು ಹೋದಳು.

ಮಾಳಿಂಗಪ್ಪ ಮೊದಲ ಹೆಂಡತಿಯನ್ನು ಬಾಲೀ ಎಂದು ಕರೆಯುತ್ತಿದ್ದ. ಎರಡನೆಯವಳಿಗೆ ಇನ್ನೂ ಹೆಸರೇ ಹಿಡಿದಿರಲಿಲ್ಲ, ಏ ಅನ್ನುತ್ತಿದ್ದ. ಒಂದು ಮಧ್ಯಾಹ್ನ ಅವಳು ಬೆನ್ನು ಹಾಕಿ ಕೂತು ದಾಣಿಗೆ ಪುಡಿ ಕಲಸುತ್ತಿದ್ದಾಗ ಅವನು ಹೊಲದಿಂದ ಬಂದು, ಬಾಲೀ, ನೀರು ಕೊಡು, ಎಂದ. ಬಾಯಿ ತಪ್ಪಿತು, ತಪ್ಪಿದ್ದು ಅವನಿಗೂ ಗೊತ್ತಾಯಿತು. ಅದು ದೊಡ್ಡದಲ್ಲ, ಯಾವ ಗಂಡಸಿಗಾದರೂ ತಪ್ಪುತ್ತದೆ. ಅವಳು ಕಲಸುವುದನ್ನು ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ಆ ಹೆಸರಿಗೆ ಅವಳು “ಆಂ” ಎಂದು ಓಗೊಟ್ಟಿದ್ದಳು.

ಅವತ್ತು ಸಂಜೆ ಊಟಕ್ಕೆ ಬಡಿಸಿ, ಗಂಡ ಅತ್ತೆ ಇಬ್ಬರೂ ಕೇಳುವ ಹಾಗೆ ಹೇಳಿದಳು. ಈ ಕೋಳಿಗಳು ಮುದಿಯಾಗಿವೆ, ಮಳೆ ಹಿಡಿಯುವುದರೊಳಗೆ ಹೇಗೂ ಮಾರಬೇಕು. ಮಾರಿದ ದಿನ ತಾನು ಈ ಸೀರೆ ಬಿಚ್ಚುತ್ತೇನೆ. ಮುಂದಿನ ಮರಿಗಳನ್ನು ಮೊದಲ ದಿನದಿಂದ ತನ್ನದೇ ಸೀರೆಯಲ್ಲಿ ಸಾಕುತ್ತೇನೆ.

“ಅವೂ ಹೆದರಿ ಸತ್ರ?” ಎಂದು ಮಾಳಿಂಗಪ್ಪ ಕೇಳಿದ.

“ಅವಕ್ಕ ಅಕ್ಕ ಯಾರಂತ ಗೊತ್ತಿರಂಗಿಲ್ಲ.”

ಗುರುಲಿಂಗಮ್ಮ ರೊಟ್ಟಿ ಮುರಿಯುತ್ತ, “ಆ ಮರಿ ಕೆಟ್ರ ಮಾತ್ರ ಮತ್ತ ಆ ಸೀರಿನ ಉಟ್ಟಿರಬೇಕು ನೋಡು. ಬಾಲಿ ಅಂದ್ರ ಬರಬೇಕು,” ಎಂದಳು. ಮಲ್ಲೇಶ್ವರಿ ಹೂಂ ಎಂದಳು. ಆ ಮನೆಯಲ್ಲಿ ಅವಳು ಮಾಡಿಕೊಂಡ ಮೊದಲ ಕರಾರು ಅದು.

ಮುದಿ ಕೋಳಿಗಳನ್ನು ಒಯ್ಯಲು ಗದ್ವಾಲದಿಂದ ಲಾರಿ ಬಂತು. ಹಿಡಿಯುವವರು ಒಳಗೆ ನುಗ್ಗಿದಾಗ ಕೋಳಿಗಳು ಮೂಲೆಗೆ ಓಡಲಿಲ್ಲ, ಮಲ್ಲೇಶ್ವರಿಯ ಕಡೆ ಓಡಿದವು. ನೀಲಿ ಸೀರೆಯ ಹಿಂದೆ, ನೆರಿಗೆಯ ಕೆಳಗೆ, ಎರಡೂ ಕಾಲುಗಳ ನಡುವೆ ಸೇರಿಕೊಂಡವು. ಹಿಡಿಯುವವರಿಗೆ ಬಗ್ಗಿ ಎತ್ತಿಕೊಳ್ಳುವುದಷ್ಟೇ ಉಳಿಯಿತು. ಇಂಥ ಸುಲಭದ ಶೆಡ್ಡು ಕಂಡಿಲ್ಲ, ಹಿಂಗೇ ನಿಂತಿರಮ್ಮಾ ಎಂದು ಅವರಲ್ಲೊಬ್ಬ ತೆಲುಗಿನಲ್ಲಿ ಹೊಗಳಿದ. ಅವಳು ಹಾಗೇ ನಿಂತಿದ್ದಳು. ಕೊನೆಯ ಕೋಳಿಯನ್ನು ನೆರಿಗೆಯಿಂದ ಬಿಡಿಸಬೇಕಾಯಿತು. ಅಂಚಿನ ಒಂದು ಎಳೆ ಕೊಕ್ಕಿಗೆ ಸಿಕ್ಕು ಜೊತೆಗೇ ಹೋಯಿತು. ಅಕ್ಕ ಪಟಾಕಿಯ ದಿನ ಉಳಿಸಿದವನ್ನು ಅಕ್ಕನೇ ಹಿಡಿದುಕೊಟ್ಟಂತಾಯಿತು ಎಂದು ಅವಳಿಗೆ ಅನಿಸಿತು. ಇದರ ತಪ್ಪು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ಕೇಳಲು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಸೀರೆಯನ್ನು ಅವತ್ತೇ ಕಿಷ್ಟಮ್ಮನಿಗೆ ಕೊಟ್ಟಳು. ಸತ್ತವರದ್ದಲ್ಲವಲ್ಲ, ಇದನ್ನೇಕೆ ಕೊಡುತ್ತೀ ಎಂದು ಕಿಷ್ಟಮ್ಮ ಕೇಳಿದಾಗ ಅದನ್ನು ಕೌದಿಯ ಮೇಲಿಟ್ಟು ಬಂದಳು. ಹಳೆಯ ಹೊಟ್ಟನ್ನು ನೆಲ ಕಾಣುವವರೆಗೆ ಬಳಿದು ಹೊಲಕ್ಕೆ ಹಾಕಿಸಿದಳು. ನೆಲ ತೊಳೆದಳು, ಗೋಡೆಗೆ ಸುಣ್ಣ ಬಳಿದಳು, ನೀರಿನ ಡಬ್ಬಿಗಳನ್ನು ಬದಲಿಸಿದಳು. ಬಾಲಮ್ಮ ಮುಟ್ಟಿದ ಒಂದು ವಸ್ತುವೂ ಶೆಡ್ಡಿನೊಳಗೆ ಉಳಿಯಲಿಲ್ಲ.

ಮರಿಗಳು ಬಂದವು. ಮಲ್ಲೇಶ್ವರಿ ತವರಿನವರು ಕೊಟ್ಟ ಗಿಳಿಹಸಿರು ಸೀರೆ ಉಟ್ಟಳು. ಬಣ್ಣ ಒಂದೇ ಇರಲೆಂದು ಅಂಥದ್ದೇ ಇನ್ನೊಂದು ತರಿಸಿದಳು. ಮರಿಗಳು ಕಣ್ಣು ತೆರೆದು ಕಂಡದ್ದು ಹಸಿರು, ಕುಡಿದದ್ದು ಹಸಿರಿನ ಕೈಯಿಂದ. ಲಸಿಕೆ ಹಾಕಿಸುವಾಗ, ಮೊದಲ ವಾರಗಳಲ್ಲಿ ಇಟ್ಟಿದ್ದ ಮನೆಯಿಂದ ಶೆಡ್ಡಿಗೆ ಸಾಗಿಸುವಾಗ, ಅವು ಗಾಬರಿಯಾಗುವ ಪ್ರತಿ ಸಲಕ್ಕೂ ಮುಂಚೆಯೇ ಡಾಕ್ಟರು ಹೇಳಿದ ಅಳತೆಯಲ್ಲಿ ಪುಡಿ ಕೊಟ್ಟಳು. ಒಂದೂ ರಾಶಿಯಾಗಲಿಲ್ಲ. ಚಳಿಗಾಲ ಹಿಡಿಯುವ ಹೊತ್ತಿಗೆ ಮೊದಲ ಮೊಟ್ಟೆಗಳು ಬಂದವು, ಸಣ್ಣವು, ಕಲ್ಲಿನಂಥ ಓಡಿನವು. ಗುರುಲಿಂಗಮ್ಮ ಒಂದನ್ನು ಬಿಸಿಲಿಗೆ ಹಿಡಿದು ನೋಡಿ, ಏನೂ ಅನ್ನದೆ ಬುಟ್ಟಿಗೆ ಇಟ್ಟಳು. ಅದು ಹೊಗಳಿಕೆ. ಮಾಳಿಂಗಪ್ಪ ಮಲ್ಲೀ ಅನ್ನಲು ಶುರುಮಾಡಿದ. ಮೊದಲ ಸಲ ಅಂದಾಗ ಇಬ್ಬರೂ ನಾಚಿದರು.

ಕೋಳಿಗಳು ತುಂಬಿದ ಶೆಡ್ಡಿನಲ್ಲಿ ನಡೆದರೆ ಮುಂದಿನವು ಸರಿದು ದಾರಿ ಬಿಡುತ್ತವೆ. ಹಿಂದಿನವು ಕೂಡಿಕೊಳ್ಳುತ್ತವೆ. ಆ ದಾರಿ ಒಬ್ಬರ ಅಗಲಕ್ಕಿಂತ ಹೆಚ್ಚಿರುವುದಿಲ್ಲ. ಮಲ್ಲೇಶ್ವರಿ ಒಂದು ಬೆಳಿಗ್ಗೆ ನೀರಿನ ಕೊಡ ಹಿಡಿದು ನಡುವೆ ಹೋಗುತ್ತಿದ್ದಾಗ ಕೆಳಗೆ ನೋಡಿದಳು. ದಾರಿ ಎರಡಾಳಿನ ಅಗಲಕ್ಕೆ ಬಿಟ್ಟಿತ್ತು. ಅವಳು ಎಡಕ್ಕಿದ್ದಳು, ಬಲಕ್ಕೆ ಖಾಲಿ. ಬಲಕ್ಕೆ ಸರಿದಳು. ಕೋಳಿಗಳು ಮತ್ತಷ್ಟು ಬಲಕ್ಕೆ ಸರಿದು, ಅಷ್ಟೇ ಖಾಲಿಯನ್ನು ಮತ್ತೆ ಅವಳ ಪಕ್ಕದಲ್ಲೇ ಬಿಟ್ಟವು. ಆ ಅಂಚಿನಲ್ಲಿ ನಿಂತವು ಕತ್ತೆತ್ತಿ ನೋಡುತ್ತಿದ್ದವು, ಅವಳ ಕಡೆಗಲ್ಲ.

ಡಾಕ್ಟರಿಗೆ ಇದನ್ನು ನಗುನಗುತ್ತಲೇ ಕೇಳಿದಳು. ಸೆರಗು ಬೀಸುವ ಕಡೆ ಕೋಳಿ ಹೆಚ್ಚು ದೂರ ಸರಿಯುತ್ತದೆ ಎಂದರು ಅವರು. ಸೆರಗು ಸಿಕ್ಕಿಸಿಕೊಂಡು ನಡೆದು ನೋಡಿದಳು. ದಾರಿಯ ಅಗಲ ಅಷ್ಟೇ ಇತ್ತು. ಈ ಕೋಳಿಗಳು ಬಾಲಮ್ಮನನ್ನು ಕಂಡಿರಲಿಲ್ಲ; ಅವು ಮೊಟ್ಟೆಯೂ ಆಗಿರದಿದ್ದಾಗ ಅವಳು ಮಣ್ಣಾಗಿದ್ದಳು. ಸಾಯುವುದಿರಲಿ, ಅವು ಹೆದರುತ್ತಲೂ ಇರಲಿಲ್ಲ. ಯಾರಿಗೋ ಬೇಕಾದವರಿಗೆ ಜಾಗ ಬಿಡುವ ಹಾಗೆ ಬಿಡುತ್ತಿದ್ದವು. ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಕೋಳಿ ಕೆಟ್ಟವು ಎಂದು ಅತ್ತೆ ತೀರ್ಪು ಕೊಡುತ್ತಾಳೆ, ಕರಾರಿನಂತೆ ನಡೆಯಬೇಕಾಗುತ್ತದೆ, ನೀಲಿ ಸೀರೆ ಮತ್ತೆ ಎಲ್ಲಿಂದಲೋ ಹುಟ್ಟಿಕೊಂಡು ಬರುತ್ತದೆ.

ಆದರೆ ಮಾಳಿಂಗಪ್ಪ ಕಂಡ. ಒಂದು ದಿನ ದಾಣಿಯ ಚೀಲ ಇಳಿಸಿ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತವನು, ಹೆಂಡತಿ ಶೆಡ್ಡಿನ ನಡುವಿರುವುದನ್ನು ನೋಡಿದ, ಅವಳ ಪಕ್ಕದ ಖಾಲಿಯನ್ನು ನೋಡಿದ. ಟವೆಲು ಹಿಡಿದ ಕೈ ಹಾಗೇ ನಿಂತಿತು. ಬಾಯಿ ತೆರೆದ.

“ಬಾ,” ಎಂದ. ಅಲ್ಲಿಗೇ ನಿಲ್ಲಿಸಿದ.

ಕರೆದದ್ದೋ, ಒಂದು ಹೆಸರಿನ ಅರ್ಧವೋ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಮಲ್ಲೇಶ್ವರಿಯ ಗಂಟಲಲ್ಲಿ ಓಗೊಡುವ ದನಿ ಬಂದು ನಿಂತಿತ್ತು; ಹಲ್ಲು ಕಚ್ಚಿ ಅದನ್ನು ಹಿಡಿದಳು. ಗಂಡನ ಕಡೆ ತಿರುಗಲಿಲ್ಲ. ಬಲಕ್ಕೆ ತಿರುಗಿ, ನೆರೆಮನೆಯವಳ ಜೊತೆ ಮಾತಾಡುವಷ್ಟೇ ದನಿಯಲ್ಲಿ ಹೇಳಿದಳು.

“ಅಕ್ಕಾ, ದಾರಿ ನಿನಗೂ ಇರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ನನ್ನ ಹೆಸರಿನ ಜಾಗದಾಗ ಮಾತ್ರ ನಿಂದಿರಬ್ಯಾಡ. ಹೋಗು, ನಿನ್ನ ಕರದಿದ್ರ ಹೋಗಿ ಕೇಳಿ ಬಾ.”

ಬಲಗಡೆಯ ಕೋಳಿಗಳು ಒಂದೊಂದಾಗಿ ಬಾಗಿಲ ಕಡೆಗೆ ಕತ್ತು ತಿರುಗಿಸಿದವು. ಮೊದಲು ಅವಳ ಹತ್ತಿರದವು, ಆಮೇಲೆ ನಡುವಿನವು, ಆಮೇಲೆ ಬಾಗಿಲ ಬಳಿಯವು. ಅವು ನೋಡಿಯಾದ ಹಾಗೆಲ್ಲ ಖಾಲಿ ಜಾಗ ಹಿಂದಿನಿಂದ ಮುಚ್ಚಿಕೊಳ್ಳುತ್ತ ಹೋಯಿತು. ಮಾಳಿಂಗಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಹೊರಗೆ ಹೋಗುವವರಿಗೆ ದಾರಿ ಬಿಡುವಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದ. ಆಮೇಲೆ ಒಳಗೆ ತಿರುಗಿದ.

“ಮಲ್ಲೀ, ಉಣ್ಣಾಕ ಬರ್ತಿ ಏನು?”

“ಇವಕ್ಕ ನೀರು ಹಾಕಿ ಬರ್ತೀನ್ರೀ,” ಎಂದಳು ಅವಳು.